ಓದಿಸಿಕೊಳ್ಳದೆ ಕೆತ್ತಿದ ಒಂದು ಹೆಸರು

ನನಗೆ ಬೀಳ್ಕೊಡುಗೆ ಅಂತ ಯಾರೂ ಮಾಡಲಿಲ್ಲ. ಹಾರ ಇಲ್ಲ, ಶಾಲು ಇಲ್ಲ, ಗೋಡೆ ಗಡಿಯಾರವೂ ಇಲ್ಲ. ಮೂವತ್ತನಾಲ್ಕು ವರ್ಷ ಕರಿಕಲ್ಲಿನ ಮೇಲೆ ಅಕ್ಷರ ಕೆತ್ತಿದವನಿಗೆ ಗೇಟಿನ ಹತ್ತಿರ ಒಂದು ಕವರ್ ಕೊಟ್ಟು, ನಾಳೆಯಿಂದ ಬರಬೇಡಿ ಅಂದರು. ಹುಟ್ಟಿದ ತಾರೀಕಿನ ಲೆಕ್ಕದಲ್ಲಿ ಇನ್ನೂ ಎಂಟು ತಿಂಗಳು ಸರ್ವೀಸ್ ಇತ್ತು. ಕೇಳಿದವರಿಗೆಲ್ಲ ‘ರಿಟೈರ್ ಆದೆ’ ಅಂತಲೇ ಹೇಳುತ್ತೇನೆ. ನಾಚಿಕೆಗೆ ಹಾಗೆ ಹೇಳುತ್ತೇನೆ ಅಂದುಕೊಳ್ಳಬೇಡಿ. ಪೂರ್ತಿ ಹೇಳೋಕೆ ಬಸ್ ಸ್ಟ್ಯಾಂಡಿನಲ್ಲಿ ಪುರುಸೊತ್ತು ಎಲ್ಲಿರುತ್ತೆ? ಇಲ್ಲಿ ಪುರುಸೊತ್ತಿದೆ, ಬರೆಯುತ್ತೇನೆ.

ಹೋದ ತಿಂಗಳು ಇಬ್ಬರು ಹುಡುಗಿಯರು ಉಡಿಗಾಲದ ನಮ್ಮ ಮನೆ ಹುಡುಕಿಕೊಂಡು ಬಂದರು. ಐಟಿಐ ಮುಗಿಸಿ ಚಾಮರಾಜನಗರದ ಒಂದು ಕಲ್ಲಿನ ಫ್ಯಾಕ್ಟರಿಯಲ್ಲಿ, ಕಂಪ್ಯೂಟರ್ ಮೆಷಿನ್ನಿನಲ್ಲಿ ಅಕ್ಷರ ಕೊರೆಯುವ ಕೆಲಸಕ್ಕೆ ಸೇರಿದ್ದಾರಂತೆ. ‘ಮಾದಪ್ಪನೋರೆ, ಈ ಕೆಲ್ಸದಲ್ಲಿ ಏನ್ ಎಚ್ಚರ ಇರ್ಬೇಕು ಹೇಳಿ’ ಅಂದರು. ಮಾಸ್ಕ್ ಹಾಕಿಕೊಳ್ರವ್ವ, ಕಲ್ಲಿನ ದೂಳು ಎದೆಯೊಳಕ್ಕೆ ಹೋದರೆ ಈಚೆಗೆ ಬರಲ್ಲ ಅಂದೆ. ಅದನ್ನು ಎಲ್ಲರೂ ಹೇಳುತ್ತಾರೆ. ಇನ್ನೊಂದು ಎಚ್ಚರ ಇದೆ, ಅದನ್ನು ಯಾವ ಟ್ರೇನಿಂಗಿನಲ್ಲೂ ಹೇಳಿಕೊಡುವುದಿಲ್ಲ. ಅವತ್ತು ಅವರಿಗೆ ಬಸ್ಸಿನ ಹೊತ್ತಾಗಿತ್ತು, ಕಾಫಿ ಕುಡಿದು ಹೊರಟುಬಿಟ್ಟರು. ಅದಕ್ಕೇ ಬರೆಯಲು ಕೂತೆ.

ನಮ್ಮ ಕಡೆಯ ಕರಿಕಲ್ಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. ಅಲ್ಲಿಯವರು ಸತ್ತವರ ತಲೆದೆಸೆಯಲ್ಲಿ ಅದನ್ನು ನಿಲ್ಲಿಸುತ್ತಾರೆ. ಹೆಸರು, ಹುಟ್ಟಿದ್ದು, ಸತ್ತದ್ದು, ಎರಡು ಒಳ್ಳೆಯ ಮಾತು. ಅವನ್ನೆಲ್ಲ ಕೆತ್ತುತ್ತಿದ್ದವನು ಉಡಿಗಾಲದ ಕೂಲಿಯವನ ಮಗ, ಒಂಬತ್ತನೇ ಕ್ಲಾಸಿಗೆ ಮಣ್ಣು ಹೊತ್ತವನು, ಈ ನಾನು. ಕೆತ್ತಿದ್ದರಲ್ಲಿ ಮುಕ್ಕಾಲು ಪಾಲು ನನಗೆ ಓದೋಕೆ ಬಾರದ ಅಕ್ಷರಗಳೇ.

ಕಲಿಸಿದವರು ನಂಜಾಚಾರ್ರು. ಸಿಟ್ಟಿನ ಮನುಷ್ಯ. ಮೊದಲ ವರ್ಷ ನನಗೆ ಒಂದೇ ಒಂದು ಅಕ್ಷರ ಕೊಡಲಿಲ್ಲ, ಬರೀ ಅಡ್ಡಗೆರೆ ಉದ್ದಗೆರೆ. ಒಂದು ದಿನ ಉಳಿ ಜಾರಿ ಕಲ್ಲಿನ ಅಂಚು ಹಾರಿಹೋಯಿತು. ನಾನು ಸುತ್ತಿಗೆ ಬಿಸಾಕಿದೆ. ಅವರು ನಿಧಾನಕ್ಕೆ ಎತ್ತಿಕೊಂಡು ಬಂದು ಕೈಗಿಟ್ಟು, ‘ಕಲ್ಗೆ ಕ್ವಾಪ ತೋರುಸ್ಬ್ಯಾಡ ಕಣ್ಲಾ, ಅದ್ಕೆ ನಿನ್ಗಿಂತ ಜಾಸ್ತಿ ಅದ’ ಅಂದರು. ನನ್ನ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ. ಅದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ.

ಆಮೇಲೆ ರಬ್ಬರ್ ಶೀಟು ಬಂತು. ಪಾಲಿಶ್ ಆದ ಕಲ್ಲಿನ ಮೇಲೆ ರಬ್ಬರ್ ಅಂಟಿಸಿ, ಅದರ ಮೇಲೆ ಅಕ್ಷರದ ಕಾಗದ ಇಟ್ಟು, ಚಾಕುವಿನಲ್ಲಿ ಅಕ್ಷರದ ಜಾಗ ಕೊರೆದು ತೆಗೆಯಬೇಕು. ಆಮೇಲೆ ಪೈಪಿನಲ್ಲಿ ಮರಳು ಹೊಡೆದರೆ ತೆರೆದ ಜಾಗ ಮಾತ್ರ ಗುಳಿ ಬೀಳುತ್ತದೆ. ಒಂದು ವಾರದ ಕೆಲಸ ಒಂದು ದಿನಕ್ಕೆ ಇಳಿಯಿತು. ನಂಜಾಚಾರ್ರು ‘ಇದು ಕೆಲ್ಸ ಅಲ್ಲ, ಸ್ಟಿಕ್ಕರ್ರು’ ಅಂತ ಬೈದುಕೊಂಡು ಮನೆಗೆ ಹೋದವರು ಮತ್ತೆ ಬರಲಿಲ್ಲ. ನಾನು ಉಳಿದುಕೊಂಡೆ. ಮನೆಯಲ್ಲಿ ಎರಡು ಮಕ್ಕಳು, ನನಗೆ ಆ ಗತ್ತು ನಡೆಯುತ್ತಿರಲಿಲ್ಲ.

ಆ ರಬ್ಬರ್ ಶೀಟಿನಿಂದಲೇ ನನ್ನ ಮರ್ಯಾದೆ ಹೋಯಿತು. ಯಾವುದೋ ದೇಶದ ಆರ್ಡರ್ ಬಂತು, ನಾಲ್ಕು ಕಲ್ಲು. ಕಾಗದದಲ್ಲಿ ಮೇಲೆ ಯಾವುದು ಕೆಳಗೆ ಯಾವುದು ಅಂತ ಬಾಣದ ಗುರುತು ಹಾಕಿರಬೇಕಿತ್ತು, ಹಾಕಿರಲಿಲ್ಲ. ನಾನು ನೋಡಿದೆ, ತಿರುಗಿಸಿದೆ, ಹೀಗೇ ಚೆನ್ನಾಗಿ ಕಾಣುತ್ತೆ ಅಂತ ಅಂಟಿಸಿದೆ. ನಾಲ್ಕೂ ತಲೆಕೆಳಗು! ಹೋಗಿ ಮೂರು ತಿಂಗಳಾದ ಮೇಲೆ ಒಂದು ಫೋಟೋ ಬಂತು. ತಲೆಕೆಳಗಾದ ಅಕ್ಷರದ ಮುಂದೆ ಯಾರೋ ಹೂವು ಇಟ್ಟಿದ್ದರು. ಮ್ಯಾನೇಜರ್ ರಾಜಶೇಖರ್ ಎಲ್ಲರ ಮುಂದೆ ಅದನ್ನು ಎತ್ತಿ ಹಿಡಿದು, ‘ಏನಯ್ಯಾ ಮಾದಪ್ಪ, ಶೀರ್ಷಾಸನ ಹಾಕ್ಕೊಂಡು ಸತ್ತಿದ್ನಾ ಇವ್ನು?’ ಅಂದರು. ಇಡೀ ಶೆಡ್ಡು ನಕ್ಕಿತು. ನಾನೂ ನಕ್ಕೆ. ಮನೆಗೆ ಹೋದರೆ ಊಟ ಸೇರಲಿಲ್ಲ. ಹೂವಿಟ್ಟವರ ಮುಖ ಹೇಗಾಗಿರಬೇಡ ಅಂತ ಒಂದೇ ಯೋಚನೆ.

ಅವತ್ತಿನಿಂದ ಒಂದು ಹಟ ಹಿಡಿದೆ. ಯಾರ ಕೈಯಲ್ಲಾದರೂ ಓದಿಸಿಕೊಳ್ಳದೆ ಕಲ್ಲು ಮುಟ್ಟುವುದಿಲ್ಲ. ಯಾರು ಸತ್ತದ್ದು, ಎಷ್ಟು ವಯಸ್ಸು, ಏನು ಬರೆಸಿದ್ದಾರೆ, ಎಲ್ಲ ತಿಳಿಯಬೇಕು. ನನ್ನ ತಂಗಿ ಚಿಕ್ಕತಾಯಮ್ಮನ ಮನೆ ಹಂಗಳದಲ್ಲಿ. ಭಾನುವಾರ ಅವಳಲ್ಲಿಗೆ ಹೋಗುವಾಗ ಗುಂಡ್ಲುಪೇಟೆಯಲ್ಲಿ ಇಳಿದು, ಊಟಿಗೆ ಕೇರಳಕ್ಕೆ ಹೋಗುವ ಕಾರುಗಳು ನಿಲ್ಲುವ ಹೋಟೆಲಿನ ಮುಂದೆ ಕಾಗದ ಹಿಡಿದುಕೊಂಡು ನಿಲ್ಲುತ್ತಿದ್ದೆ. ಬಿಳಿ ಮುಖ ಕಂಡರೆ ಹೋಗಿ ಕೈ ಮುಗಿಯುವುದು, ಕಾಗದ ತೋರಿಸುವುದು. ಭಿಕ್ಷೆಯವನು ಅಂತ ಎಷ್ಟೋ ಜನ ಚಿಲ್ಲರೆ ಕೊಟ್ಟರು. ಒಬ್ಬ ಹೆಂಗಸು ಮಾತ್ರ ಕಾಗದ ಓದಿ, ಐದು ಬೆರಳು ತೋರಿಸಿ, ಕೈಯನ್ನು ಸೊಂಟದ ಎತ್ತರಕ್ಕೆ ಹಿಡಿದು ಕಣ್ಣೊರೆಸಿಕೊಂಡಳು. ಐದು ವರ್ಷದ ಮಗುವಿನ ಕಲ್ಲು ಅದು. ಅದಕ್ಕೆ ನಾನು ಮರಳು ಹೊಡೆಯಲಿಲ್ಲ, ಉಳಿಯಲ್ಲಿ ಮಾಡಿದೆ. ರಾಜಶೇಖರ್ ಬೈದರು. ಬೈಯಲಿ ಬುಡು ಅಂದುಕೊಂಡೆ.

ಓದಿಸಿಯಾದ ಮೇಲೆ ಒಂದು ಸ್ಲಿಪ್ಪಿನಲ್ಲಿ ‘ಓದಿಸಿ ನೋಡಿದೆ, ಮಾದಪ್ಪ’ ಅಂತ ಬರೆದು ಕಲ್ಲಿಗೆ ಅಂಟಿಸುತ್ತಿದ್ದೆ. ಮೊದಮೊದಲು ಎಲ್ಲರಿಗೂ ತಮಾಷೆ. ಹೊರಗಿನಿಂದ ದೂರು ಬರುವುದು ನಿಂತ ಮೇಲೆ ಸಾವ್ಕಾರ್ರು, ಅಂದರೆ ನಮ್ಮ ಫ್ಯಾಕ್ಟರಿ ಮಾಲೀಕರು, ಅದನ್ನೇ ರೂಲ್ ಮಾಡಿದರು. ಮಾದಪ್ಪನ ಸ್ಲಿಪ್ಪಿಲ್ಲದೆ ಪ್ಯಾಕಿಂಗ್ ಆಗಕೂಡದು. ಕಂಪ್ಯೂಟರ್ ಮೆಷಿನ್ ಬಂದ ಮೇಲೂ ಸ್ಲಿಪ್ಪು ಉಳಿಯಿತು.

ಈಗ ಆ ಆರ್ಡರಿನ ವಿಷಯ.

ಸಾವ್ಕಾರ್ರೇ ಶೆಡ್ಡಿಗೆ ಬಂದರು. ಹೊಸ ಗಿರಾಕಿ, ಸಮುದ್ರದಾಚೆಯ ಒಂದು ದೇಶ. ಯಾವ ದೇಶ ಅಂತ ಬರೆಯುವುದಿಲ್ಲ, ಯಾಕೆ ಅಂತ ಕೊನೆಗೆ ತಿಳಿಯುತ್ತದೆ. ಆಳೆತ್ತರದ ಒಂಬತ್ತು ಫಲಕ, ಒಂದು ಚುಕ್ಕೆ ಇಲ್ಲದ ಕರಿಕಲ್ಲು. ಹೆಸರಿನ ಫಲಕ ಮೊದಲು ಆಗಬೇಕು, ಶುಕ್ರವಾರಕ್ಕೆ ಅದರ ಫೋಟೋ ಕಳಿಸಬೇಕು, ಮೆಚ್ಚಿದರೆ ಉಳಿದ ಎಂಟು. ‘ಮಾದಪ್ಪ, ಇದು ಮೆಷಿನ್‌ಗೆ ಬ್ಯಾಡ, ನಿನ್ ಕೈಯಲ್ಲೇ ಆಗ್ಲಿ’ ಅಂದರು. ಆ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ! ಉಬ್ಬಿಹೋದೆ.

ಮೇಲೆ ಅವರ ದುಂಡು ಅಕ್ಷರ, ಕೆಳಗೆ ಇಂಗ್ಲಿಷು. ಕೂಡಿಸಿಕೊಂಡು ಓದಿದೆ. ಜನರಲ್ ಅಂತ ಇತ್ತು, ಆಮೇಲೆ ಒಂದು ಹೆಸರು. ಓಹೋ, ದೇಶಕ್ಕಾಗಿ ಸತ್ತ ಸೈನಿಕ ಅಂದುಕೊಂಡೆ. ಭಾನುವಾರ ದೂರ ಇತ್ತು, ಶುಕ್ರವಾರ ಹತ್ತಿರ. ನನ್ನ ರೂಲನ್ನು ನಾನೇ ಮುರಿದೆ. ಉಳಿ ಇಡುವ ಮುಂಚೆ ಸತ್ತವರಿಗೆ ಕೈ ಮುಗಿಯುವುದು ನಂಜಾಚಾರ್ರು ಕಲಿಸಿದ ಪದ್ಧತಿ. ಮುಗಿದೆ. ನಾಲ್ಕು ದಿನ ಕೂತು ಕೆತ್ತಿದೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾದ ಅಕ್ಷರ ಕೆತ್ತಿರಲಿಲ್ಲ. ಚಿನ್ನದ ಬಣ್ಣ ತುಂಬಿದಾಗ ಶೆಡ್ಡಿನವರೆಲ್ಲ ಬಂದು ನಿಂತು ನೋಡಿದರು.

ಫೋಟೋ ಮೆಚ್ಚಿಕೊಂಡು ಕಳಿಸಿದ ಉಳಿದ ಎಂಟು ಫಲಕಗಳ ಕಾಗದದಲ್ಲಿ ಇಂಗ್ಲಿಷ್ ಇರಲಿಲ್ಲ, ಬರೀ ದುಂಡು ಅಕ್ಷರ. ಈ ಆರ್ಡರಿಗೆ ಮುಂಚೆಯೇ ಈ ಅಕ್ಷರ ಎಲ್ಲೋ ನೋಡಿದ್ದೀನಲ್ಲ ಅನ್ನಿಸಿತು. ನೆನಪಾಯಿತು. ಹಂಗಳದಲ್ಲಿ ನನ್ನ ತಂಗಿಯ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿಯ ನೋಟ್‌ಬುಕ್ಕಿನಲ್ಲಿ.

ಆ ಹುಡುಗಿ ಹೊರದೇಶದವಳು. ಕಾಡಂಚಿನಲ್ಲಿ ಆನೆ ಎಲ್ಲಿ ಬರುತ್ತೆ, ಏನು ತಿನ್ನುತ್ತೆ ಅಂತ ಬರೆದುಕೊಳ್ಳುವ ಓದು ಅವಳದು. ಬೆಳಗಾದರೆ ಆನೆ ಲದ್ದಿ ಹುಡುಕಿಕೊಂಡು ಹೋಗುತ್ತಿದ್ದಳು. ಹಂಗಳದವರ ನಾಲಗೆಗೆ ಅವಳ ಹೆಸರು ತಿರುಗದೆ ‘ಆನೆ ಅಮ್ಮಣ್ಣಿ’ ಅಂತ ಕರೆದರು, ಅದೇ ಉಳಿಯಿತು. ಎರಡು ವರ್ಷದಲ್ಲಿ ಕನ್ನಡ ಕಲಿತಿದ್ದಳು. ಕಲಿತದ್ದು ನನ್ನ ತಂಗಿಯಿಂದ, ಹಾಗಾಗಿ ‘ಓಗ್ಬುಟ್ಟು ಬತ್ತೀನಿ ಅವ್ವ’ ಅಂತಲೇ ಅನ್ನುತ್ತಿದ್ದಳು. ತಂಗಿ ಅವ್ವ ಆದ ಮೇಲೆ ನಾನು ಸೋದರಮಾವ. ‘ಮಾವ’ ಅಂತ ಕೂಗಿದರೆ ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು.

ಭಾನುವಾರ ಅವಳು ಗುಂಡ್ಲುಪೇಟೆಗೆ ತರಕಾರಿಗೆ ಬಂದಿದ್ದಳು. ಅದೇ ಹೋಟೆಲಿನಲ್ಲಿ ಕೂತೆವು. ಹೊರಗೆ ಈರುಳ್ಳಿ ಲಾರಿಗಳ ಸಾಲು, ಒಂದೇ ಸಮ ಹಾರನ್ನು. ಕಾಗದ ಕೊಟ್ಟೆ. ‘ನಮ್ಮ ಅಕ್ಸರ!’ ಅಂತ ಕುಣಿದುಬಿಟ್ಟಳು. ಮೊದಲ ಹಾಳೆ ಓದುತ್ತ ಓದುತ್ತ ಮುಖ ಬಿಗಿಯಿತು. ಎರಡು, ಮೂರು. ನಾಲ್ಕನೇ ಹಾಳೆಯಲ್ಲಿ ಬೆರಳು ನಿಂತಿತು.

‘ಮಾವ, ಇದು ನಮ್ಮೂರು.’

‘ನಿಮ್ಮೂರಾ? ಏನಂತ ಬರ್ದದ?’

‘ಈ ಊರ್ನ ವೈರಿಗಳಿಂದ ಬುಡುಸ್ದ ಅಂತ. ಒಬ್ಬೇ ಒಬ್ಬ ಬಡವ್ರಿಗೂ ನೋವಾಗ್ನಿಲ್ಲ ಅಂತ.’

‘ಆಗ್ನಿಲ್ವಾ?’

ಅವಳು ಟೀ ಲೋಟ ಪಕ್ಕಕ್ಕಿಟ್ಟಳು. ‘ಇವ್ನ ಸೈನ್ಯದೋರು ಸ್ಕೂಲಲ್ಲಿ ಕೂಡಾಕ್ಬುಟ್ರು ಮಾವ. ಗಂಡಸ್ರುನೆಲ್ಲ. ನಮ್ಮಪ್ಪ ಇದ್ದ, ನಮ್ಮಣ್ಣ ಇದ್ದ. ಅಣ್ಣಂಗೆ ಹದ್ನಾರು. ನಾನೂ ಅವ್ವನೂ ಕಾಡೊಳಗೆ ಇದ್ದೊ. ಮೂರ್ ದಿನ ಆದ್ಮೇಲೆ ಬಂದ್ರೆ ಸ್ಕೂಲೇ ಇರ್ನಿಲ್ಲ.’

ನನ್ನ ಬಾಯಿಂದ ಹೊರಟ ಮಾತು ಏನು ಗೊತ್ತೇ? ‘ಈ ಜನರಲ್ ಸತ್ತು ಎಷ್ಟ್ ವರ್ಷ ಆಯ್ತು?’ ಅಂದೆ.

‘ಸತ್ತಿಲ್ವಲ್ಲ. ಚೆನ್ನಾಗವ್ನೆ. ಅವ್ನೇ ಕಟ್ಟುಸ್ತಾವ್ನೆ ಇದ.’

ಥೂ! ಬದುಕಿರುವವನ ಹೆಸರಿಗೆ, ಅದೂ ಇಂಥವನ ಹೆಸರಿಗೆ ಕೈ ಮುಗಿದುಬಿಟ್ಟಿದ್ದೆನಲ್ಲ. ಈ ಕೈ. ನಾಲ್ಕು ದಿನ ಒಂದೊಂದೇ ಅಕ್ಷರ ಮುದ್ದು ಮಾಡಿ ಕೆತ್ತಿದ ಕೈ.

ಅವನನ್ನು ಯಾರೂ ಕೇಳಲಿಲ್ಲವಾ ಅಂದೆ. ಕೇಳಿದ್ದಾರೆ ಅಂದಳು. ಕೆಲವು ದೇಶಗಳು ಸಾಕ್ಷಿ ಕೂಡಿಸಿ ಅವನ ಮೇಲೆ ನಿರ್ಬಂಧ ಹಾಕಿವೆಯಂತೆ. ಆ ದೇಶಗಳಿಗೆ ಅವನು ಕಾಲಿಡುವ ಹಾಗಿಲ್ಲ, ಅಲ್ಲಿರುವ ಅವನ ಆಸ್ತಿ ಅವನೇ ಮುಟ್ಟುವ ಹಾಗಿಲ್ಲ, ಅಲ್ಲಿಯವರು ಅವನ ಜೊತೆ ಕೊಳ್ಳುವುದು ಮಾರುವುದು ಮಾಡುವ ಹಾಗಿಲ್ಲ. ‘ಜೈಲು?’ ಅಂದೆ. ‘ಜೈಲಿಲ್ಲ’ ಅಂದಳು. ‘ಅಷ್ಟೇನಾ?’ ‘ಅಷ್ಟೇಯ ಮಾವ.’ ಅವಳ ಅವ್ವ ಮಗನ ಹೆಸರನ್ನೇ ಬಾಯಲ್ಲಿ ಎತ್ತುವುದಿಲ್ಲವಂತೆ. ಸತ್ತವರ ಹೆಸರು ಹೇಳಿಕೊಂಡು ಅತ್ತವರ ಮನೆಗೆ ಅಲ್ಲಿ ಈಗಲೂ ಅವನ ಆಳುಗಳು ಬರುತ್ತಾರಂತೆ. ಈ ಕಲ್ಲು ನಿಂತರೆ ಅಲ್ಲಿ ಯಾರೂ ಸಾಯಲೇ ಇಲ್ಲ ಅಂತ ಕಲ್ಲಿನಲ್ಲಿ ಬರೆದ ಹಾಗಾಯಿತು, ಆಮೇಲೆ ನಮ್ಮವ್ವ ಏನಂತ ಹೇಳ್ತಾಳೆ ಅಂತ ಕೇಳಿದಳು. ಬಿಲ್ಲು ಕೊಟ್ಟು ಎದ್ದೆ.

ಮನೆಗೆ ಹೋಗುವ ಬಸ್ಸಿನಲ್ಲಿ ನನ್ನ ತಾತನ ಯೋಚನೆ ಹತ್ತಿತು. ತಾತನ ಊರು ಉಡಿಗಾಲವಲ್ಲ, ಬೇರೆ ಕಡೆ. ಆ ಊರಿನ ಯಜಮಾನರ ಹೊಲದಲ್ಲಿ ಬಿಟ್ಟಿ ಗೇಯೋದಿಲ್ಲ ಅಂದದ್ದಕ್ಕೆ ಅವನಿಗೆ ಕಟ್ಟು ಹಾಕಿದ್ದರು. ಕಟ್ಟು ಅಂದರೆ ಊರಲ್ಲಿ ಯಾರೂ ಮಾತಾಡಿಸಬಾರದು, ಬೆಂಕಿ ನೀರು ಕೊಡಬಾರದು, ಅಂಗಡಿಯವನು ಉಪ್ಪು ಕೊಡಬಾರದು. ಎಣ್ಣೆ ಮಾರುವ ಒಬ್ಬ ಮುದುಕಿ ಮಾತ್ರ ಕದ್ದುಮುಚ್ಚಿ ದೀಪಕ್ಕೆ ಎಣ್ಣೆ ಕೊಟ್ಟಳಂತೆ. ಅದರಿಂದ ಬದುಕಿಕೊಂಡೆ ಅಂತ ತಾತ ಸಾಯುವವರೆಗೂ ಹೇಳುತ್ತಿದ್ದ. ಕಟ್ಟು ನಿಲ್ಲಬೇಕಾದರೆ ಊರಿಗೆ ಊರೇ ಹಿಡಿಯಬೇಕು, ಒಬ್ಬರು ಕೈ ಬಿಟ್ಟರೂ ಅದು ಹರಿದುಹೋಗುತ್ತೆ.

ದೇಶದೇಶಗಳು ಸೇರಿ ಹಾಕುವುದೂ ಕಟ್ಟೇ ಅಂತ ನನಗೆ ಆಗ ಹೊಳೆಯಿತು. ನಾನು ಕಂಡ ಕಟ್ಟುಗಳೆಲ್ಲ ದೊಡ್ಡವರು ಬಡವರ ಮೇಲೆ ಹಾಕಿದವು. ದೊಡ್ಡವನೊಬ್ಬನ ಮೇಲೆ ಬಿದ್ದದ್ದು ಇದೇ ಮೊದಲು ಕೇಳಿದ್ದು. ಹಾಗಂತ ಸುಲಭಕ್ಕೆ ಒಪ್ಪಿಕೊಳ್ಳಲಿಲ್ಲ ನಾನು. ನನ್ನ ತಾತನಿಗೆ ಮಾಡಿದ್ದನ್ನೇ ಇನ್ನೊಬ್ಬನಿಗೆ ಮಾಡಲಾ ಅಂತ ಕೊರೆಯಿತು. ಎಣ್ಣೆ ಕೊಟ್ಟ ಮುದುಕಿಯನ್ನು ನಾವು ದೇವರು ಅಂತೀವಿ. ಆದರೆ ತಾತ ಯಾರ ಮನೆಯ ಹದಿನಾರು ವರ್ಷದ ಮಗನನ್ನೂ ಸ್ಕೂಲಿನಲ್ಲಿ ಕೂಡಿಹಾಕಿರಲಿಲ್ಲ. ಚಾಮರಾಜನಗರದಲ್ಲಿ ಇಳಿಯುವ ಹೊತ್ತಿಗೆ ನನ್ನ ಮನಸ್ಸು ಗಟ್ಟಿಯಾಗಿತ್ತು.

ಸೋಮವಾರ ಹೋದವನೇ ರಾಜಶೇಖರ್ ಮೇಜಿನ ಮೇಲೆ ಎಂಟು ಕಾಗದ ಇಟ್ಟೆ. ‘ಇವನ್ನ ನಾನು ಕೆತ್ತಲ್ಲ ಸಾರ್.’ ಅವರು ಚಾಳೀಸು ತೆಗೆದು ನೋಡಿ ಸಾವ್ಕಾರ್ರಿಗೆ ಫೋನ್ ಮಾಡಿ ಕರೆಸಿದರು. ಸಾವ್ಕಾರ್ರು ಕೆಟ್ಟವರಲ್ಲ, ಅದನ್ನು ಹೇಳಬೇಕು. ನನ್ನ ಹೆಂಡತಿಗೆ ಆಪರೇಷನ್ ಆದಾಗ ಕಾರು ಕಳಿಸಿದವರು. ಅವರ ಎದುರು ನಿಂತು ಇಲ್ಲ ಅನ್ನುವುದು ನನಗೆ ಹಬ್ಬವಾಗಿರಲಿಲ್ಲ.

ಎಲ್ಲ ಹೇಳಿದೆ. ಕೇಳಿಸಿಕೊಂಡರು.

‘ಮಾದಪ್ಪ, ನಮ್ ಸರ್ಕಾರ ಏನಾದ್ರೂ ಬ್ಯಾಡ ಅಂದದಾ?’

‘ಇಲ್ಲ.’

‘ಯಾವ್ದೋ ನಾಕು ದೇಶ್ದೋರು ಅವನ್ ಮೇಲೆ ಹಾಕ್ಕೊಂಡವ್ರೆ. ಆ ಕಾನೂನು ಚಾಮರಾಜನಗರಕ್ಕೆ ಬರಲ್ಲ ಕಣಯ್ಯ.’

‘ಕಾನೂನು ಬರಲ್ಲ ಅಂದ್ರೆ ಬುಡಿ ಸಾವ್ಕಾರ್ರೆ. ನಾನು ಬಂದಿವ್ನಲ್ಲ.’

ಅವರಿಗೆ ನಗು ಬಂತು, ಸಿಟ್ಟೂ ಬಂತು. ‘ನೀನ್ ಕೆತ್ತದಿದ್ರೆ ಮೆಷಿನ್ ಕೆತ್ತುತ್ತೆ. ಓದ್ಸಿದ್ದೀಯಲ್ಲ, ಸ್ಲಿಪ್ಪಿಗೆ ಸೈನ್ ಹಾಕಿ ಮನೇಗೋಗು’ ಅಂದರು.

ಓದಿಸಿದ್ದಂತೂ ನಿಜ. ಅಲ್ಲೇ ಮೇಜಿನ ಮೇಲೆ ಸ್ಲಿಪ್ಪು ತಗೊಂಡು ಬರೆದೆ: ‘ಓದಿಸಿ ನೋಡಿದೆ. ಇದರಲ್ಲಿ ಸುಳ್ಳು ಇದೆ. ಮಾದಪ್ಪ.’ ರಾಜಶೇಖರ್ ಹರಿದುಹಾಕಿದರು. ಇನ್ನೊಂದು ತಗೊಂಡು ಅದನ್ನೇ ಬರೆದೆ. ಹರಿದರು. ಮೂರನೆಯದು ಬರೆದೆ. ‘ಏನಯ್ಯಾ, ತಮಾಷೆಯಾ?’ ಅಂತ ಕೂಗಿದರು. ‘ಸ್ಲಿಪ್ಪಿನ ಬುಕ್ಕು ಖಾಲಿಯಾಗೋವರೆಗೂ ಬರೀತೀನಿ ಸಾರ್’ ಅಂದೆ. ಸಾವ್ಕಾರ್ರು ಎದ್ದು ಹೊರಗೆ ಹೋದರು. ಆ ಮೂರನೆಯ ಸ್ಲಿಪ್ಪು ಮಾತ್ರ ನನ್ನ ಜೇಬಿನಲ್ಲಿ ಉಳಿಯಿತು.

ನಮ್ಮ ಫ್ಯಾಕ್ಟರಿಯ ಹಳೆಯ ದೊಡ್ಡ ಗಿರಾಕಿಗಳು ಆ ನಿರ್ಬಂಧ ಹಾಕಿದ ದೇಶಗಳಲ್ಲೊಂದರವರು. ಅವರ ಕಡೆಯಿಂದ ವರ್ಷಕ್ಕೊಮ್ಮೆ ಒಬ್ಬರು ತಪಾಸಣೆಗೆ ಬರುತ್ತಾರೆ. ಮಾಸ್ಕ್ ಕೊಡ್ತಾರಾ, ಚಿಕ್ಕ ಮಕ್ಕಳನ್ನು ಇಟ್ಟುಕೊಂಡಿದ್ದಾರಾ, ಕುಡಿಯೋ ನೀರು ಇದೆಯಾ ಅಂತ ಕೆಲಸಗಾರರನ್ನು ಒಬ್ಬೊಬ್ಬರನ್ನೇ ಕೂರಿಸಿ ಕೇಳುತ್ತಾರೆ. ಏನು ಹೇಳಬೇಕು ಅಂತ ನಮಗೆಲ್ಲ ಹಿಂದಿನ ದಿನವೇ ಪಾಠ ಆಗಿರುತ್ತೆ. ಆ ವಾರದ ಗುರುವಾರವೇ ಆ ತಪಾಸಣೆ. ಮೆಷಿನ್ನಿನವರು ಫಲಕಗಳ ಅಕ್ಷರವನ್ನು ಕಂಪ್ಯೂಟರಿಗೆ ಏರಿಸುತ್ತಿದ್ದರು, ಕೊರೆಯೋಕೆ ಇನ್ನೂ ಶುರು ಮಾಡಿರಲಿಲ್ಲ. ರಾಜಶೇಖರ್ ನನ್ನನ್ನು ಕರೆದು, ‘ಗುರುವಾರ ನೀವು ರಜಾ ತಗೊಳ್ಳಿ, ಸಂಬಳ ಕೊಡ್ತೀವಿ’ ಅಂದರು. ಮೂವತ್ತನಾಲ್ಕು ವರ್ಷದಲ್ಲಿ ಆ ಮನುಷ್ಯ ನನಗೆ ಬಹುವಚನ ಹಚ್ಚಿದ್ದು ಅವತ್ತೇ!

ಗುರುವಾರ ಎಲ್ಲರಿಗಿಂತ ಮುಂಚೆ ಹೋಗಿ ಕೂತೆ.

ಬಂದವನು ಕೊಯಮತ್ತೂರು ಕಡೆಯ ತಮಿಳಿನವನು, ನನ್ನ ಮಗನ ವಯಸ್ಸು. ಕ್ವಾರಿಯ ತಮಿಳು ಕೂಲಿಗಳ ಜೊತೆ ಬೆಳೆದ ನನಗೆ ತಮಿಳು ಕಷ್ಟವೇ? ಮಾಸ್ಕು, ನೀರು, ಮಕ್ಕಳು, ಎಲ್ಲಕ್ಕೂ ನಿಜ ಹೇಳಿದೆ. ಕೊನೆಗೆ ಫಾರಂ ಮಡಚುತ್ತ ವಾಡಿಕೆಯ ಹಾಗೆ, ‘ವೇರೆ ಏದಾವದು ಸೊಲ್ಲಣುಮಾ?’ ಅಂದ. ಬೇರೆ ಏನಾದರೂ ಹೇಳೋದಿದೆಯಾ ಅಂತ. ಇದೆ ಅಂದೆ. ಸ್ಲಿಪ್ಪು ತೆಗೆದಿಟ್ಟೆ. ಕನ್ನಡ ಅವನಿಗೆ ಬಾರದು, ನಾನೇ ಓದಿ ತಮಿಳಿನಲ್ಲಿ ಹೇಳಿದೆ. ಜನರಲ್ ಹೆಸರು ಕೇಳಿದ. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೇಳಿದೆ. ಕೆತ್ತಿದವನಿಗೆ ಮರೆಯುತ್ತದೆಯೇ? ಅವನು ಕಂಪ್ಯೂಟರಿನಲ್ಲಿ ಒತ್ತಿ, ನನ್ನ ಕಡೆ ತಿರುಗಿಸಿದ. ನಿರ್ಬಂಧ ಬಿದ್ದವರ ಉದ್ದನೆಯ ಪಟ್ಟಿ, ನಡುವೆ ಅದೇ ಹೆಸರು, ಪಕ್ಕದಲ್ಲಿ ಫೋಟೋ. ಎದೆ ತುಂಬ ಪದಕ ಹಾಕಿಕೊಂಡ, ಮುಖ ತುಂಬಿಕೊಂಡ, ಆರೋಗ್ಯವಂತ ಮನುಷ್ಯ. ತಪಾಸಣೆಯವನು ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡ.

ಮುಂದಿನ ವಾರ ಹಳೆಯ ಗಿರಾಕಿಗಳಿಂದ ಪತ್ರ ಬಂತು. ಆ ಜನರಲ್ ಜೊತೆ ವ್ಯವಹಾರ ಅಂದರೆ ನಮ್ಮ ಜೊತೆ ಇಲ್ಲ ಅಂತ. ಸಾವ್ಕಾರ್ರು ಆರ್ಡರ್ ಬಿಟ್ಟರು. ಅವರಿಗೆ ಆ ಸ್ಕೂಲಿನ ಮೇಲೆ ಕನಿಕರ ಬಂದು ಬಿಟ್ಟದ್ದಲ್ಲ, ಹಳೆಯ ಗಿರಾಕಿ ಹೋಗುವ ಭಯಕ್ಕೆ ಬಿಟ್ಟರು. ಯಾಕೆ ಬಿಟ್ಟರೆ ನನಗೇನು? ಬಿಟ್ಟರಲ್ಲ. ಆದರೆ ಶೆಡ್ಡಿನವರ ಮೂರು ತಿಂಗಳ ಓವರ್‌ಟೈಮ್ ಹೋಯಿತು. ನನ್ನ ಜೊತೆ ಇಪ್ಪತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡ ಶಿವಣ್ಣ, ಪಾಲಿಶ್ ಮಾಡುವವನು, ಬಂದು ಎದುರಿಗೆ ನಿಂತ.

‘ಎಲ್ಲೋ ಇರೋರ್ಗೋಸ್ಕರ ನಮ್ ಹೊಟ್ಟೆ ಮ್ಯಾಲೆ ಹೊಡ್ದಲ್ಲೋ ಮಾದ.’

‘ಹೊಡ್ದೆ ಕಣ. ಬಯ್ಯಿ.’

‘ಬೈದ್ರೆ ಮಗಳ ಫೀಸ್ ಬತ್ತದಾ?’

ಅವನು ಈಗಲೂ ಮಾತಾಡಿಸುವುದಿಲ್ಲ. ಮದುವೆ ಮನೆಯಲ್ಲಿ ಕಂಡರೆ ಬೇರೆ ಪಂಕ್ತಿಗೆ ಹೋಗಿ ಕೂರುತ್ತಾನೆ. ನನಗೆ ನೋವಾಗುತ್ತದೆ. ಹಾಗಂತ ಮತ್ತೆ ಅದೇ ಗುರುವಾರ ಬಂದರೆ ಮತ್ತೆ ಅದನ್ನೇ ಮಾಡುತ್ತೇನೆ.

ಹೆಸರಿನ ಫಲಕ ಗೋಡೆಗೆ ಒರಗಿಕೊಂಡು ನಿಂತಿತ್ತು. ಒಳ್ಳೆಯ ಕಲ್ಲು, ಅಕ್ಷರ ಹೋಗುವ ತನಕ ಉಜ್ಜಿ ತೆಗೆದರೆ ಇನ್ನೊಂದಕ್ಕೆ ಆಗುತ್ತೆ ಅಂತ ರಾಜಶೇಖರ್ ಗ್ರೈಂಡಿಂಗಿನ ಹುಡುಗರಿಗೆ ಹೇಳಿದರು. ನಾನು ಅಡ್ಡ ಹೋಗಿ, ಕೆತ್ತಿದವನು ನಾನು, ನಾನೇ ತೆಗೀತೀನಿ ಅಂದೆ. ಎರಡು ದಿನ ಹಿಡಿಯಿತು, ಅಷ್ಟು ಆಳಕ್ಕೆ ಕೆತ್ತಿದ್ದೆ ಪಾಪಿ. ಕೈ ಮರಗಟ್ಟಿತು, ಬಾಯೆಲ್ಲ ಕರಿ ದೂಳು. ಕೊನೆಯ ಅಕ್ಷರದ ಬಾಲ ಮಾಯವಾದಾಗ ನೀರು ಹೊಯ್ದು ಅಂಗೈಯಲ್ಲಿ ಸವರಿದೆ. ನುಣ್ಣಗಿತ್ತು. ಸಾಯಂಕಾಲ ಗೇಟಿನಲ್ಲಿ ಕವರ್ ಕೊಟ್ಟರು. ನನ್ನ ಮೂವತ್ತನಾಲ್ಕು ವರ್ಷದ ಸರ್ವೀಸಿನ ಕೊನೆಯ ಕೆಲಸ ಅದು, ಅದರ ಬಗ್ಗೆ ನನಗೆ ಹೆಮ್ಮೆಯೇ ಇದೆ.

ಇನ್ನು ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ಅವನಿಗೆ ಬೇರೆ ಕಡೆ ಕಲ್ಲು ಸಿಕ್ಕಲಿಲ್ಲವಾ? ಸಿಕ್ಕಿತು. ಆರು ತಿಂಗಳಿಗೆ ಆನೆ ಅಮ್ಮಣ್ಣಿ ಫೋನಿನಲ್ಲಿ ಚಿತ್ರ ತೋರಿಸಿದಳು. ಒಂಬತ್ತು ಫಲಕ ಸಾಲಾಗಿ ನಿಂತಿವೆ, ಮುಂದೆ ಹುಲ್ಲುಹಾಸು, ಬಾವುಟ. ದೊಡ್ಡದು ಮಾಡಿ ನೋಡಿದೆ. ಮೆಷಿನ್ ಅಕ್ಷರ, ಒಂದಕ್ಕೂ ಜೀವವಿಲ್ಲ. ಹಾಗಾದರೆ ನಿಮ್ಮಿಂದ ಏನಾಯಿತು ಅಂತ ನಮ್ಮ ಮನೆಯವರೇ ಕೇಳಿದ್ದಾರೆ, ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದ್ದಾರೆ. ಅವನು ಕಟ್ಟಿಸಿಕೊಂಡ, ಆದರೆ ನನ್ನ ಕೈಯಲ್ಲಿ ಕಟ್ಟಿಸಿಕೊಳ್ಳೋಕೆ ಆಗಲಿಲ್ಲ. ಅವನಿಗೆ ಇಲ್ಲ ಅಂದವನು ಉಡಿಗಾಲದಲ್ಲಿ ಒಬ್ಬ ಇದ್ದಾನೆ. ಇದು ಸಣ್ಣದು ಅಂತ ಯಾರಾದರೂ ಅಂದರೆ, ಬನ್ನಿ, ಒಂದು ಸಲ ಸಾವ್ಕಾರ್ರ ಎದುರಿಗೆ ನಿಂತು ನೀವೂ ಅಂದು ನೋಡಿ.

ಅಮ್ಮಣ್ಣಿ ಓದು ಮುಗಿಸಿ ಹೊರಡುವ ಹಿಂದಿನ ದಿನ ಹಂಗಳಕ್ಕೆ ಹೋಗಿದ್ದೆ. ಒಂದು ತುಂಡು ಕರಿಕಲ್ಲು ನನ್ನಲ್ಲಿದೆ, ನಿಮ್ಮಪ್ಪ ನಿಮ್ಮಣ್ಣನ ಹೆಸರು ಕೆತ್ತಿಕೊಡ್ತೀನಿ ಕಣಮ್ಮಿ, ತಗೊಂಡು ಹೋಗು ಅಂದೆ. ಅವಳು ನನ್ನ ಕೈ ಹಿಡಿದುಕೊಂಡು ತಲೆ ಅಲ್ಲಾಡಿಸಿದಳು. ‘ಬ್ಯಾಡ ಮಾವ. ಅಲ್ಲಿ ಆ ಕಲ್ಲ ಕಂಡ್ರೆ ಅವ್ವನ ಸುಮ್ನೆ ಬುಡಲ್ಲ.’ ಕೆತ್ತುವವನಿಗೆ ಕೆತ್ತಬೇಡ ಅಂದರೆ ಇನ್ನೇನು ಕೊಡೋಕೆ ಬರುತ್ತೆ?

ಆಮೇಲೆ ಅವಳು ಅವ್ವನಿಗೆ ಫೋನ್ ಮಾಡಿದಳು, ಮುಖ ಕಾಣುವ ಫೋನು. ನನ್ನ ವಯಸ್ಸಿನ ಹೆಂಗಸು, ತಲೆ ಮೇಲೆ ಬಟ್ಟೆ. ಮಗಳು ಅವರ ಭಾಷೆಯಲ್ಲಿ ನನ್ನನ್ನು ತೋರಿಸಿ ಬಹಳ ಹೊತ್ತು ಏನೋ ಹೇಳಿದಳು. ಆ ತಾಯಿ ನನ್ನನ್ನೇ ನೋಡಿದಳು. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದಳು. ಫೋನಿಗೆ ಬಾಯಿ ಹತ್ತಿರ ತಂದು ಒಂದೇ ಒಂದು ಶಬ್ದ ಅಂದಳು. ಹುಡುಗಿ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಅಣ್ಣನ ಹೆಸರು ಅವಳು ತಾಯಿಯ ಬಾಯಲ್ಲಿ ಕೇಳಿ ಹನ್ನೊಂದು ವರ್ಷವಾಗಿತ್ತಂತೆ.

ನಾನು ಆ ಹೆಸರನ್ನು ಹೇಳಿದೆ. ತಪ್ಪಾಯಿತು. ತಾಯಿ ಬೆರಳಾಡಿಸಿ ಮತ್ತೆ ಹೇಳಿದಳು. ಮತ್ತೆ ಹೇಳಿದೆ. ನಾಲ್ಕನೇ ಸಲಕ್ಕೆ ಅವಳು ತಲೆದೂಗಿ, ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕಳು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಬಾಗಿಲನ್ನು ಈಗಲೂ ಯಾರಾದರೂ ತಟ್ಟಬಹುದು. ದಿನಾ ಬೆಳಿಗ್ಗೆ ಮುಖ ತೊಳೆದಾಗ ಒಂದು ಸಲ ಜೋರಾಗಿ ಹೇಳುತ್ತೇನೆ. ನಮ್ಮ ಮನೆಯವರಿಗೆ ಅಭ್ಯಾಸವಾಗಿದೆ. ಮೊನ್ನೆ ನನಗೆ ಜ್ವರ ಬಂದು ಎರಡು ದಿನ ಏಳಲಾಗಲಿಲ್ಲ, ಆಗ ಒಲೆಯ ಮುಂದಿನಿಂದ ನನ್ನ ಹೆಂಡತಿಯೇ ಆ ಹೆಸರು ಹೇಳಿದ್ದು ಕೇಳಿಸಿತು.